ನನ್ನ ಹೊಸ್ತಿಲು, ಆಕೆಯ ಹೆಸರು

ಆಗ ನನಗೆ ಐವತ್ತೊಂಬತ್ತು. ಅದಾಗಿ ಈಗ ಹದಿನಾರು ವರ್ಷ. ವಯಸ್ಸು ಮುಚ್ಚಿಡುವ ಚಟ ನನಗಿಲ್ಲ, ಹೊಟ್ಟೆಕಿಚ್ಚು ಮುಚ್ಚಿಡುವ ಚಟವೂ ಇಲ್ಲ. ಆ ವರ್ಷ ನಮ್ಮ ಓಣಿಯ ಒಬ್ಬ ಸೊಸೆಯ ಮೇಲೆ ನನಗೆ ಹುಟ್ಟಿದ ಹೊಟ್ಟೆಕಿಚ್ಚನ್ನು, ಹತ್ತಿಯನ್ನು ಅಂಗಳದಲ್ಲಿ ಹರವಿದ ಹಾಗೆ, ನಿಮ್ಮ ಮುಂದೆ ಹರವುತ್ತೇನೆ. ಓದಿ ನಗಬೇಕೆನಿಸಿದರೆ ನಗಿ. ನಾನು ಶಾಲೆ ಕಂಡದ್ದು ಮೂರನೆಯ ತರಗತಿಯವರೆಗೆ. ಒತ್ತಕ್ಷರಗಳು ಇಂದಿಗೂ ನನ್ನ ಕೈಯಲ್ಲಿ ಎಡವುತ್ತವೆ, ಮೊಮ್ಮಗಳು ಎತ್ತಿ ನಿಲ್ಲಿಸುತ್ತಾಳೆ. ಮಾತು ಮಾತ್ರ ನನ್ನದೇ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವವರ ಮನೆ. ಮನೆಮಾತು ಕನ್ನಡ, ನಮಾಜು ಅರಬ್ಬಿ, ಸಿಟ್ಟು ಬಂದಾಗ ತೆಲುಗು. ಕುರುಗೋಡಿನಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಗಾದಿಗೆ ತುಂಬುವ ಮುನ್ನ ಹಿಂಜಿದ ಹತ್ತಿಗೆ ಬಿಸಿಲು ತೋರಿಸಬೇಕು. ಬಿಸಿಲುಂಡ ಹತ್ತಿ ಉಬ್ಬಿ ಹಗುರಾಗುತ್ತದೆ, ಮಲಗಿದವರ ಬೆನ್ನಿಗೆ ಹಿತವಾಗುತ್ತದೆ. ಆ ವರ್ಷಗಳಲ್ಲಿ ಬೆಳಿಗ್ಗೆ ಹರವಿದಾಗ ಮಲ್ಲಿಗೆಯಂತಿದ್ದ ಹತ್ತಿ ಮಧ್ಯಾಹ್ನದ ಹೊತ್ತಿಗೆ ಕೆಂಪು ಜಾಜು ಬಳಿದಂತಾಗುತ್ತಿತ್ತು. ಅದಿರಿನ ಕಾಲ ಅದು. ಬಳ್ಳಾರಿಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಅದಿರಿನ ಮಾತೇ. ಸೈಕಲ್ಲು ತುಳಿಯುತ್ತಿದ್ದವರು ಲಾರಿ ಕೊಂಡರು, ಲಾರಿ ಇದ್ದವರು ನೆಲದ ಮೇಲೆ ಕಾಲಿಡುವುದನ್ನೇ ಬಿಟ್ಟರು. ಕುಡತಿನಿ ಕಡೆಗೆ ಹೋಗುವ ದೊಡ್ಡ ರಸ್ತೆಯಲ್ಲಿ ತಪಾಸಣೆ ಇರುತ್ತದೆಂದು, ಮಿತಿಮೀರಿ ಹೇರಿಕೊಂಡ ಲಾರಿಗಳೆಲ್ಲ ನಮ್ಮ ಓಣಿಯೊಳಗಿಂದ ನುಸುಳುತ್ತಿದ್ದವು. ಮೇಲೆ ತಾಡಪಾಲು ಇಲ್ಲ. ಗಾಲಿ ಗುಂಡಿಗೆ ಇಳಿದಾಗೊಮ್ಮೆ ನಮ್ಮ ಪಾಲಿಗೆ ಒಂದು ಬೊಗಸೆ ಕೆಂಪು ಧೂಳು.

ಸಿರುಗುಪ್ಪದ ಒಬ್ಬ ಗಿರಾಕಿ ಮಗಳ ಮದುವೆಗೆಂದು ನನ್ನಲ್ಲಿ ಗಾದಿ ಹೊಲಿಸಿಕೊಂಡು ಹೋದವನು, ಅದನ್ನು ಟಂಟಂ ಮೇಲೆ ಹೇರಿಕೊಂಡು ತಿರುಗಿ ಬಂದ. ಒಂದು ಮೂಲೆಯ ಹೊಲಿಗೆ ಬಿಚ್ಚಿ ಹತ್ತಿ ಎಳೆದು ತೋರಿಸಿದ.

"ಏನವಾ, ಸತ್ತೋರ ಗಾದಿ ಬಿಚ್ಚಿ ತುಂಬೀಯೇನು ಇದಕ್ಕ?"

"ಹೊಸಾ ಹತ್ತಿನ ಐತಪ. ಬಣ್ಣ ನಂದಲ್ಲ, ಲಾರೀದು."

"ಲಾರಿ ಗಾದಿ ಹೊಲೀತತೇನು?" ಎಂದು ಕೇಳಿ, ಗಾದಿಯನ್ನು ನನ್ನ ಕಟ್ಟೆಯ ಮೇಲೆ ಒಗೆದು ಹೋದ. ಸಿರುಗುಪ್ಪದ ಭತ್ತದವರಿಗೆ ಅನ್ನ ಬೆಳ್ಳಗೆ ಬೇಕು, ಗಾದಿ ಬೆಳ್ಳಗೆ ಬೇಕು, ಅವನ ತಪ್ಪೇನಿಲ್ಲ. ಆದರೆ ನನ್ನ ಅತ್ತೆಯ ಅತ್ತೆಯ ಕಾಲದಿಂದಲೂ ಹಳೆ ಹತ್ತಿ ತುಂಬಿದರೆಂಬ ಮಾತು ನಮ್ಮ ಮನೆಗೆ ಬಂದಿರಲಿಲ್ಲ.

ನಾನು ಸುಮ್ಮನೆ ಕೂಡುವವಳಲ್ಲ. ಓಣಿಯಲ್ಲಿ ನಲ್ಲಿ ನೀರು ಬರದಿದ್ದರೆ, ರೇಷನ್ ಅಂಗಡಿಯವನು ತೂಕ ಹೊಡೆದರೆ, ಕುಡಿದವನೊಬ್ಬ ಹೆಂಡತಿಯನ್ನು ಬಡಿದರೆ, ಎಲ್ಲರೂ ಬರುತ್ತಿದ್ದುದು ನನ್ನ ಹೊಸ್ತಿಲಿಗೆ. ಹುಸೇನಮ್ಮನಿಗೆ ಹೇಳುತ್ತೇನೆ ಎನ್ನುವುದು ನಮ್ಮಲ್ಲಿ ಪೊಲೀಸರಿಗೆ ಹೇಳುತ್ತೇನೆ ಎನ್ನುವುದಕ್ಕಿಂತ ದೊಡ್ಡ ಬೆದರಿಕೆಯಾಗಿತ್ತು. ಲಾರಿಗಳ ವಿಷಯದಲ್ಲೂ ನಾನೇ ಮುಂದೆ ಬಿದ್ದೆ. ಓಣಿಯ ನಡುವೆ ಹೊರಸು ಹಾಕಿಕೊಂಡು ಅದರ ಮೇಲೆ ಕುಳಿತೆ, ಹೆಂಗಸರು ಸುತ್ತ ಕುಳಿತರು. ಲಾರಿಗಳು ಸಾಲುಗಟ್ಟಿ ನಿಂತವು. ಡ್ರೈವರುಗಳು ಇಳಿದು ನಮ್ಮ ಮನೆಯ ಚಹಾವನ್ನೇ ಕುಡಿದು, "ಅಮ್ಮಾ, ನಾವೂ ಹೊಟ್ಟಿಗೇ ಬಂದೋರು" ಎಂದರು. ಸಂಜೆ ಪೊಲೀಸರು ಬಂದು ಹೊರಸನ್ನು ನನ್ನ ಸಮೇತ ಎತ್ತಿ ಪಕ್ಕಕ್ಕಿಟ್ಟರು. ಮರುವಾರ ಮತ್ತೆ ಕುಳಿತೆ, ಮತ್ತೆ ಎತ್ತಿದರು. ಹೀಗೆ ಎರಡು ಬೇಸಿಗೆ ಕಳೆದವು. ಕೊನೆಗೆ ಹೊರಸಿನ ಒಂದು ಕಾಲು ಮುರಿಯಿತು, ಲಾರಿ ಮಾತ್ರ ನಿಲ್ಲಲಿಲ್ಲ.

ಬಳ್ಳಾರಿಯ ಕಚೇರಿಗೆ ಹತ್ತಾರು ಸಲ ಹೋಗಿ ಬಾಯಿ ಮಾಡಿದ್ದಕ್ಕೆ ಸಾಹೇಬರು ಆಗಾಗ ನೋಡಿಹೋಗಲು ಬರುತ್ತಿದ್ದರು. ಸಾಹೇಬರು ಬರುತ್ತಾರೆಂದರೆ ನಾವು ಏನು ಮಾಡುತ್ತೇವೆ ಹೇಳಿ? ನೀವು ಮಾಡುವುದನ್ನೇ. ಓಣಿಯ ಹೆಂಗಸರೆಲ್ಲ ನಸುಕಿನಲ್ಲೆದ್ದು ಬಾಗಿಲು ಗುಡಿಸಿ, ಬಿಂದಿಗೆಗಟ್ಟಲೆ ನೀರು ಚಿಮುಕಿಸಿ ಥಳಿ ಹೊಡೆಯುತ್ತಿದ್ದರು, ಗೋಡೆ ಒರೆಸುತ್ತಿದ್ದರು, ಎದುರು ಮನೆಯ ಗೌರಕ್ಕ ಎಂದೂ ಹಾಕದ ದೊಡ್ಡ ರಂಗೋಲಿ ಹಾಕುತ್ತಿದ್ದಳು. ಮನೆಗೆ ಬರುವವರ ಎದುರು ಹೊಲಸು ತೋರಿಸುವುದುಂಟೇ. ಸಾಹೇಬರು ಜೀಪಿನಿಂದ ಇಳಿದು, ಆ ಕಡೆ ಈ ಕಡೆ ನೋಡಿ, "ಓಣಿ ಚೊಕ್ಕ ಐತಲ್ಲವಾ, ಎಲ್ಲೈತಿ ನಿಮ್ಮ ಧೂಳು?" ಎಂದು ಕೇಳಿ, ಚಹಾ ಕುಡಿದು ಹೋಗುತ್ತಿದ್ದರು. ಓಣಿ ಚೊಕ್ಕವಾಗಿದೆ ಎಂದರಲ್ಲ, ನಮಗೆ ಅದೇ ಹಿಗ್ಗು. ಅವರ ಜೀಪಿನ ಹಿಂದೆಯೇ ಲಾರಿ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಗೌರಕ್ಕನ ಮನೆಗೆ ಸೊಸೆಯಾಗಿ ವೀಣಾ ಬಂದಳು. ಸಿರುಗುಪ್ಪದವಳು, ಬಿ.ಕಾಂ. ಮುಗಿಸಿದವಳು, ದನಿ ಎತ್ತರಿಸಿ ಮಾತಾಡದವಳು. ಗಂಡ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಆಕೆಯ ಬಳಿ ಫೋಟೋ ತೆಗೆಯುವ ಫೋನಿತ್ತು. ಮಧ್ಯಾಹ್ನ ಕೆಲಸ ಮುಗಿಸಿ, ಕುರುಗೋಡು ಬಸ್‌ಸ್ಟ್ಯಾಂಡಿನ ಪಕ್ಕದ ಇಂಟರ್ನೆಟ್ ಅಂಗಡಿಗೆ ಹೋಗಿ ಕೂಡುತ್ತಿದ್ದಳು. ಹೊಸ ಸೊಸೆ ದಿನಾ ಮನೆ ಬಿಟ್ಟು ಎಲ್ಲಿಗೆ ಹೋಗುತ್ತಾಳೆಂದು ಓಣಿ ಗುಸುಗುಟ್ಟಿದಾಗ ಓಣಿಯ ಪರವಾಗಿ ಕೇಳಿದವಳೂ ನಾನೇ.

"ಅಲ್ಲಿ ನಮ್ಮದೊಂದು ಗುಂಪು ಐತಿ ದೊಡ್ಡವ್ವ. ಬಳ್ಳಾರಿಯೋರು, ಸಂಡೂರಿನೋರು, ಹೊರದೇಶಕ್ಕ ಹೋಗಿರೋ ನಮ್ಮ ಕಡಿ ಮಂದಿ. ಎಲ್ಲಾರೂ ತಂತಮ್ಮ ಊರಿನ ಧೂಳಿನ ಸುದ್ದಿ ಹಾಕ್ತಾರ, ಏನು ಮಾಡಬೇಕಂತ ಮಾತಾಡ್ತಾರ."

"ಎಲ್ಲಿ ಕುಂದರ್ತಾರ ಅವರು?"

"ಎಲ್ಲೂ ಇಲ್ಲ. ಅವರವರ ಮನ್ಯಾಗ."

"ಬಿಸಿಲಾಗ ಕುಂದ್ರಂಗಿಲ್ಲ, ಪೊಲೀಸರು ಎತ್ತಂಗಿಲ್ಲ. ಹಂಗಾರ ಅದು ಧರಣಿ ಅಲ್ಲವಾ, ಹರಟಿ."

ಹೆಂಗಸರೆಲ್ಲ ನಕ್ಕರು. ವೀಣಾಳೂ ನಕ್ಕಳು. ಆಕೆ ನಕ್ಕದ್ದು ನನಗೆ ಸೇರಲಿಲ್ಲ; ಮಾತು ತಾಗಿದವರು ಹಾಗೆ ನಗುವುದಿಲ್ಲ.

ಒಂದು ದಿನ ಆಕೆ ನಮ್ಮ ಓಣಿಯ ಫೋಟೋ ಆ ಗುಂಪಿಗೆ ಹಾಕಿದಳಂತೆ. ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದಳು. ಊರೆಷ್ಟು ಚಂದ, ಎಷ್ಟು ಸ್ವಚ್ಛ, ಇಲ್ಲಿ ಧೂಳೆಲ್ಲಿದೆ ಎಂದು ಮಂದಿ ಕೇಳಿದ್ದರಂತೆ. ಕಂಪ್ಯೂಟರಿನ ಮಂದಿಗೂ ನಮ್ಮ ಸಾಹೇಬರಿಗೂ ಒಂದೇ ಕಣ್ಣು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಗುಂಪಿನಲ್ಲಿದ್ದ ಒಬ್ಬ ಹೆಂಗಸು ಬೇರೆಯೇ ಬರೆದಿದ್ದಳು. ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಹಿಂದಿನ ಓಣಿಯವಳು. ಅವರ ಓಣಿಗೆ ಹೊಟ್ಟಿನ ಬೂದಿ ಬೀಳುತ್ತಿತ್ತಂತೆ. ಅವರೂ ಗುಡಿಸಿ ಗುಡಿಸಿ ಇಡುತ್ತಿದ್ದರಂತೆ. ಬಂದವರಿಗೆ ಬೂದಿ ಕಾಣುತ್ತಲೇ ಇರಲಿಲ್ಲವಂತೆ. ನೀವು ಎಂಟು ದಿನ ಕಸಬರಿಗೆ ಮುಟ್ಟಬೇಡಿ, ದಿನಾ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದು ಹಾಕಿ, ಆಮೇಲೆ ನೋಡಿ ಎಂದು ಆಕೆ ಬರೆದದ್ದು. ವೀಣಾ ಅದೇ ಊರಲ್ಲಿ ಹುಟ್ಟಿ ಬೆಳೆದವಳು, ಆ ಹೆಂಗಸಿನ ಮುಖ ನೋಡಿದವಳಲ್ಲ. ಒಂದೇ ಊರಿನ ಇಬ್ಬರು ಹೆಂಗಸರು ಭೇಟಿಯಾಗಲು ಯಾವುದೋ ಆಕಾಶಕ್ಕೆ ಹೋಗಿ ಬರಬೇಕಾಯಿತು.

ಗೌರಕ್ಕನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಸೇರಿದರು. ಇಂಥ ಸಭೆಗಳು ಅಲ್ಲಿಯತನಕ ನನ್ನ ಕಟ್ಟೆಯ ಮೇಲೆ ನಡೆಯುತ್ತಿದ್ದವು. ಅದನ್ನು ನಾನು ಆವತ್ತೇ ಗಮನಿಸಿದೆ. ಬಾಗಿಲ ಕಸ ಹೊಡೆಯಬಾರದು ಎನ್ನುವ ಮಾತು ಕೇಳಿ ಗೌರಕ್ಕನೇ ಮೊದಲು ಬೆಚ್ಚಿದಳು.

"ಮನ್ಯಾಗ ಹೆಣ ಇದ್ದಾಗ ಅಷ್ಟ ಕಸ ಹೊಡೆಯಂಗಿಲ್ಲವಾ ನಾವು. ಲಕ್ಷ್ಮಿ ಹೊಸ್ತಿಲ ದಾಟಿ ಬರ್ತಾಳೇನು ಇಂಥದರಾಗ?"

"ಅತ್ತಿ, ಲಕ್ಷ್ಮಿ ಬರೂ ದಾರ್ಯಾಗ ಲಾರಿ ಬರಾಕತ್ತಾವ" ಎಂದಳು ವೀಣಾ, ಮೆಲ್ಲಗೆ.

ನಾನು ಎದ್ದು ನಿಂತು ಹೇಳಿದೆ. ಗಂಡ ಸತ್ತ ಮೇಲೂ ಮೂರನೆಯ ದಿನ ಕಸಬರಿಗೆ ಹಿಡಿದವಳು ನಾನು, ನನ್ನ ಬಾಗಿಲು ಒಂದು ದಿನವೂ ಹೊಲಸಾಗಿರಲು ಬಿಡುವುದಿಲ್ಲ, ಯಾರೋ ಮುಖವಿಲ್ಲದವರ ಮಾತು ಕೇಳಿ ಓಣಿಯ ಮರ್ಯಾದೆ ಜಗತ್ತಿನೆದುರು ಕಳೆಯಬೇಡಿ ಎಂದೆ. ಹಿಂದೆ ಇಷ್ಟು ಹೇಳಿದ್ದರೆ ಸಭೆ ಮುಗಿಯುತ್ತಿತ್ತು. ಆವತ್ತು ಹೆಂಗಸರು ನೆಲ ನೋಡಿದರು. ನನ್ನ ಸೊಸೆ ಸೆರಗಿನ ಅಂಚು ತಿರುವುತ್ತ, "ಅತ್ತಿ, ಹೊರಸು ಹಾಕಿ ನೋಡೇವಲ್ಲ, ಇದೊಂದು ನೋಡೂಣು" ಎಂದಳು. ಓಣಿ ನನ್ನನ್ನು ಬಿಟ್ಟು ಎದ್ದುಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಹೊಟ್ಟೆಕಿಚ್ಚಿಗೆ ಪುಸ್ತಕದವರು ಅಸೂಯೆ, ಮತ್ಸರ ಎಂದೆಲ್ಲ ಚಂದದ ಹೆಸರಿಟ್ಟಿದ್ದಾರೆ. ಆ ಹೆಸರುಗಳಲ್ಲಿ ಹೊಗೆಯಿಲ್ಲ. ನನಗೆ ಗೊತ್ತಿರುವ ಕಿಚ್ಚು ಹೊಟ್ಟೆಯಲ್ಲೇ ಹುಟ್ಟಿ ಹೊಟ್ಟೆಯಲ್ಲೇ ಉರಿಯುತ್ತದೆ, ಊಟ ಸೇರದಂತೆ ಮಾಡುತ್ತದೆ. ಇನ್ನೊಂದು ಕಂಡುಕೊಂಡೆ: ಅದು ದೂರದವರ ಮೇಲೆ ಹೊತ್ತುವುದಿಲ್ಲ. ಬಳ್ಳಾರಿಯಲ್ಲಿ ಗಣಿ ಧಣಿಗಳು ಅರಮನೆ ಕಟ್ಟಿಸಿದಾಗ, ಹೆಲಿಕಾಪ್ಟರು ನಮ್ಮ ಮಾಳಿಗೆಯ ಮೇಲೆಯೇ ಹಾರಿಹೋದಾಗ ನಾನು ತಲೆಯೆತ್ತಿ ನೋಡಿ, ಮತ್ತೆ ದಬ್ಬಣಕ್ಕೆ ದಾರ ಪೋಣಿಸಿದೆ. ಎದುರು ಮನೆಯ ಹುಡುಗಿಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಕುಳಿತದ್ದು ಕಂಡಾಗ ಮಾತ್ರ ದಬ್ಬಣ ಬೆರಳಿಗೆ ಚುಚ್ಚಿತು. ಧಣಿಯ ಜಾಗ ನನ್ನದಾಗಿರಲಿಲ್ಲ. ಆ ಹುಡುಗಿ ಕುಳಿತದ್ದು ನನ್ನ ಜಾಗದಲ್ಲಿ. ಒಲೆಯ ಕಿಚ್ಚು ರೊಟ್ಟಿಯನ್ನಾದರೂ ಬೇಯಿಸುತ್ತದೆ, ಹೊಟ್ಟೆಯ ಕಿಚ್ಚು ಏನನ್ನೂ ಬೇಯಿಸುವುದಿಲ್ಲ ಎನ್ನುತ್ತಾರೆ. ನಾನು ಹಾಗೆ ಹೇಳಲಾರೆ. ನನ್ನದು ಒಂದಿಷ್ಟು ಕೆಲಸ ಮಾಡಿದೆ.

ಕಸಬರಿಗೆಗಳು ಒಳಗೆ ಹೋದವು. ನಮ್ಮ ಓಣಿಯ ಹೆಂಗಸರಿಗೆ ಬೆಳಿಗ್ಗೆ ಎದ್ದು ಕೈ ಎಲ್ಲಿಡಬೇಕೆಂಬುದೇ ತಿಳಿಯದಾಯಿತು. ಒಂದೇ ದಿನಕ್ಕೆ ಹೊಸ್ತಿಲುಗಳು ಕೆಂಪೇರಿದವು, ಮೂರು ದಿನಕ್ಕೆ ಕಟ್ಟೆಗಳ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು. ನಾನು ಮಾತ್ರ ದಿನಕ್ಕೆ ಒಂದು ಸಲ ಹೊಡೆಯುವ ಥಳಿಯನ್ನು ಎರಡು ಸಲ ಹೊಡೆದೆ. ಗೋಡೆ ಒರೆಸಿದೆ, ಹೊಸ್ತಿಲಿಗೆ ಸುಣ್ಣ ಬಳಿದೆ, ಬಾಗಿಲ ಮುಂದಿನ ನೆಲವನ್ನು ಒದ್ದೆ ಬಟ್ಟೆಯಿಂದ ತಿಕ್ಕಿದೆ. ವೀಣಾ ಫೋನು ಹಿಡಿದು ನಿಂತ ಹೊತ್ತು ನೋಡಿಕೊಂಡೇ ಬಂದು ಬೇಕೆಂದೇ ಸದ್ದು ಮಾಡುತ್ತಾ ಗುಡಿಸಿದೆ. ನಿನ್ನ ಚಿತ್ರ ಕೆಡಲಿ ಎನ್ನುವುದು ಬಿಟ್ಟರೆ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆಕೆ ಒಂದು ಸಲವೂ ಬೇಡ ಎನ್ನಲಿಲ್ಲ.

ಚಿತ್ರ ಕೆಡಲಿಲ್ಲ. ಕೆಂಪು ಮನೆಗಳ ಉದ್ದ ಸಾಲಿನ ನಡುವೆ ಒಂದೇ ಒಂದು ಬೆಳ್ಳನೆಯ ಹೊಸ್ತಿಲು, ಹಲ್ಲು ಕಿರಿದ ಹಾಗೆ. ಅದನ್ನು ನೋಡಿದ ಮೇಲೆ ಉಳಿದ ಮನೆಗಳ ಕೆಂಪು ಎಂಥದು, ಎಲ್ಲಿಂದ ಬಂದದ್ದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಉಳಿದ ದಿನಗಳ ಚಿತ್ರಗಳೆಲ್ಲ ಹಿಂದೆ ಬಿದ್ದವು. ಆ ಒಂದು ಚಿತ್ರ ಗುಂಪಿನಿಂದ ಗುಂಪಿಗೆ ಓಡಿತು. ಹುಬ್ಬಳ್ಳಿಯ ಒಬ್ಬ ಡಾಕ್ಟರು ಅದರ ಕೆಳಗೆ ಮಕ್ಕಳ ಎದೆಗೂಡಿನ ವಿಷಯ ಬರೆದರಂತೆ. ಹೊರದೇಶದಲ್ಲಿದ್ದ ನಮ್ಮ ಕಡೆಯ ಒಬ್ಬರು ಅದನ್ನು ಇಂಗ್ಲಿಷಿಗೆ ಮಾಡಿ ಕಂಡಕಂಡವರಿಗೆ ಕಳಿಸಿದರಂತೆ. ಬಳ್ಳಾರಿಯ ಸಾಹೇಬರ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ನಮ್ಮ ಓಣಿಯೇ ಬಂದು ಕೂಡುತ್ತಿತ್ತಂತೆ, ಒಬ್ಬರು ಕಳಿಸಿದ್ದು ಅಳಿಸಿದರೆ ಇನ್ನೊಬ್ಬರದು. ಕೊನೆಗೆ ಬಳ್ಳಾರಿಯ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ಚಿತ್ರದ ಕೆಳಗೆ ಕುರುಗೋಡು ಎಂದಿತ್ತು. ಅದರ ಕೆಳಗೆ, ಚಿತ್ರ: ವೀಣಾ.

ಒತ್ತಕ್ಷರವಿಲ್ಲದ ಹೆಸರು, ತಡವರಿಸದೆ ಓದಿದೆ. ಹೊಸ್ತಿಲು ನನ್ನದು. ಅದಕ್ಕೆ ಬಳಿದ ಸುಣ್ಣ ನನ್ನದು, ತಿಕ್ಕಿದ ಮೊಣಕೈ ನನ್ನದು, ತಿಕ್ಕುವಂತೆ ಮಾಡಿದ ಕಿಚ್ಚೂ ನನ್ನದೇ. ಆದರೆ ಆ ಬೆಳ್ಳನೆಯ ಬಾಗಿಲು ಯಾರ ಮನೆಯದು ಎಂದು ಒಬ್ಬರೂ ಕೇಳಿರಲಿಲ್ಲ. ಗೌರಕ್ಕ ಪತ್ರಿಕೆಯನ್ನು ಮನೆಮನೆಗೆ ಒಯ್ದು ತೋರಿಸಿದಳು. ನನಗೂ ತೋರಿಸಿದಳು, ನಾನು ನೋಡಿರಲಿಕ್ಕಿಲ್ಲ ಎನ್ನುವಂತೆ.

ಎರಡು ಬೇಸಿಗೆ ನನ್ನ ಗಂಟಲಿಗೆ ಆಗದ್ದು ಒಂದು ಚಿತ್ರಕ್ಕೆ ಹೇಗೆ ಆಯಿತು ಎಂದು ನಾನು ಬಹಳ ದಿನ ಯೋಚಿಸಿದೆ. ಹತ್ತಿ ಹಿಂಜುವಾಗ ನೋಡಿದ್ದೀರಾ? ಬಿಲ್ಲಿನ ಏಟಿಗೆ ಗಂಟುಗಂಟಾದ ಹತ್ತಿ ಬಿಡಿಸಿಕೊಂಡು, ಒಂದೊಂದು ಎಳೆಯೂ ಗಾಳಿಗೆ ಹಾರಿ, ಎಲ್ಲೆಲ್ಲೋ ಬಿದ್ದು, ಆಮೇಲೆ ತನ್ನಷ್ಟಕ್ಕೆ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡದ್ದರ ಮೇಲೆ ಮನುಷ್ಯ ಮಲಗಬಹುದು. ಆ ಗುಂಪಿನವರೂ ಅಂಥವರೇ. ಒಬ್ಬೊಬ್ಬರನ್ನೂ ಬೇರೆ ಮಾಡಿ ನೋಡಿದರೆ ಊದಿದರೆ ಹಾರುವಷ್ಟು. ಹಾಸಿಗೆ ಮೇಲೆ ಮಲಗಿಕೊಂಡೇ ಬೆರಳು ಒತ್ತಿ ಹೋರಾಟಗಾರರಾದವರು. ಅವರನ್ನು ಹಾಗೆಂದು ಬೈಯುವುದನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ನಾನು ಹೊರಸಿನ ಮೇಲೆ ಕುಳಿತಾಗ ಸಾಹೇಬರು ನನ್ನನ್ನು ನೋಡುತ್ತಿದ್ದರು, ನೋಡುತ್ತಿದ್ದುದು ಅವರೊಬ್ಬರೇ. ಚಿತ್ರ ಓಡಿದ ಮೇಲೆ ಸಾಹೇಬರನ್ನು ಮಂದಿ ನೋಡತೊಡಗಿದರು, ಎಷ್ಟು ಮಂದಿ, ಎಲ್ಲಿಂದ ಎಂಬುದು ಅವರಿಗೆ ತಿಳಿಯದಂತೆ. ಕಾಣದ ಕಣ್ಣಿಗೆ ಮನುಷ್ಯ ಹೆಚ್ಚು ಹೆದರುತ್ತಾನೆ. ಇಲ್ಲದಿದ್ದರೆ ದೇವರಿಗೆ ಯಾಕೆ ಹೆದರುತ್ತಿದ್ದೆವು. ನನ್ನ ಎರಡು ಕಣ್ಣನ್ನು ಸಾಹೇಬರು ಎಣಿಸಿ ಮುಗಿಸಿದ್ದರು.

ಸಮಾಧಾನಕ್ಕೆ ಇನ್ನೊಂದು ಹಿಡಿದುಕೊಂಡೆ: ಆ ಕಸಬರಿಗೆಯ ಉಪಾಯ ವೀಣಾಳದ್ದೂ ಅಲ್ಲವಲ್ಲ, ಸಿರುಗುಪ್ಪದ ಬೂದಿಯ ಓಣಿಯವಳದ್ದು. ಆಕೆಗೂ ಯಾರು ಹೇಳಿದ್ದರೋ. ಅಲ್ಲಿ ಯಾವುದೂ ಯಾರದೂ ಅಲ್ಲ, ಎಲ್ಲರೂ ಎತ್ತಿಕೊಂಡು ಹೋಗುತ್ತಾರೆ ಎಂದು ವೀಣಾಳೇ ಒಮ್ಮೆ ಹೇಳಿದ್ದಳು. ಹಾಗಿದ್ದರೆ ಪತ್ರಿಕೆಯಲ್ಲಿ ಹೆಸರು ಯಾಕೆ ಬೇಕಿತ್ತು ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಆಕೆ, ನಿಮ್ಮ ಹೆಸರು ಹಾಕಿಸುತ್ತೇನೆ ದೊಡ್ಡವ್ವ ಎಂದುಬಿಡುವ ಹುಡುಗಿ. ಕೇಳಿ ಪಡೆದ ಹೆಸರು ಭಿಕ್ಷೆ.

ಪತ್ರಿಕೆಯಲ್ಲಿ ಬಂದ ಮೇಲೆ ಹುಕುಂ ಆಯಿತು. ಅದಿರಿನ ಲಾರಿಗಳು ನಮ್ಮ ಓಣಿಯೊಳಗೆ ಬರಕೂಡದು, ಕಾಲುವೆಯಾಚೆಯ ಹೊರದಾರಿ ಹಿಡಿಯಬೇಕು. ಓಣಿಯ ಬಾಯಿಗೆ ಕಬ್ಬಿಣದ ಅಡ್ಡಪಟ್ಟಿ ಬಂತು. ಓಣಿ ಅಷ್ಟು ದಿನದ ಕಸವನ್ನು ಒಂದೇ ಬೆಳಿಗ್ಗೆ ಗುಡಿಸಿತು. ನಾನು ಹತ್ತಿ ಹರವಿದೆ, ಸಂಜೆಯವರೆಗೂ ಬೆಳ್ಳಗೇ ಇತ್ತು. ಗುಂಪಿನವರು ಕಂಪ್ಯೂಟರಿನಲ್ಲಿ ಗೆದ್ದೆವು ಎಂದು ಬರೆದರಂತೆ.

ಅದಾದ ಕೆಲವು ದಿನಕ್ಕೆ, ಒಂದು ಭಾನುವಾರ ಸಂಜೆ, ಬಳ್ಳಾರಿಯಿಂದ ಆ ಗುಂಪಿನವರು ಒಂದು ಕಾರು, ನಾಲ್ಕಾರು ಮೋಟಾರ್ ಸೈಕಲ್ಲು ಮಾಡಿಕೊಂಡು ಬಂದರು. ಅಷ್ಟು ದಿನ ಮುಖವಿಲ್ಲದವರಿಗೆ ಮುಖ ಬಂದಿತ್ತು. ಒಳ್ಳೆಯ ಹುಡುಗ ಹುಡುಗಿಯರೇ. ಗೌರಕ್ಕನ ಮನೆಯಲ್ಲಿ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ. ಮೆಣಸಿನಕಾಯಿ ಕಡಿದು ಕಣ್ಣೊರೆಸಿಕೊಳ್ಳುತ್ತಲೇ ಅವರು ವೀಣಾಳಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಆಕೆಯನ್ನು ನಿಲ್ಲಿಸಿಕೊಂಡು ಫೋಟೋ ತೆಗೆದರು. ಹಿಂದೆ ಯಾವ ಬಾಗಿಲು ಬರಬೇಕೆಂದು ಹುಡುಕಿ, ನನ್ನ ಬಾಗಿಲು ಬರುವಂತೆ ನಿಲ್ಲಿಸಿದರು. ಹೊಸ್ತಿಲ ಮೇಲೆ ಕುಳಿತಿದ್ದ ನನಗೆ ಒಬ್ಬ ಹುಡುಗ ವಿನಯದಿಂದ, "ಅಜ್ಜಿ, ಸ್ವಲ್ಪ ಸರೀತೀರಾ?" ಎಂದ.

ನಾನು ಸರಿಯಲಿಲ್ಲ. ವೀಣಾ ಅಲ್ಲಿಂದಲೇ, "ಅವರನ್ನ ಬಿಡ್ರಿ, ಆ ಮನಿ ಅವರದು" ಎಂದಳು. ಹುಡುಗ ಹೌದೇ ಎಂದು ನಕ್ಕು ಫೋನು ಬೇರೆ ಕಡೆಗೆ ತಿರುಗಿಸಿದ. ಅಷ್ಟೇ.

ಆ ಹೊತ್ತಿಗೆ ಅಡ್ಡಪಟ್ಟಿಯ ಕಡೆಯಿಂದ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸಿನವಳು, ಕಾಲುವೆಯಾಚೆಯ ಹಳ್ಳಿಯವಳು. ತಲೆಗೂದಲು, ಸೀರೆ, ಕಾಲು ಎಲ್ಲ ಕೆಂಪು. ನಾವು ನಾಲ್ಕು ವಾರದ ಹಿಂದೆ ಇದ್ದಂತೆಯೇ ಇದ್ದಳು. ಹಾರ, ಶಾಲು, ಬಜ್ಜಿಯ ತಟ್ಟೆ ಎಲ್ಲ ನೋಡಿ ನಡುವೆ ಬಂದು ನಿಂತಳು.

"ಲಾರಿ ನಿಂದ್ರಿಸೀವಂತ ಹಾರ ಹಾಕ್ಕೊಂತೀರೇನು? ನಿಂತಿಲ್ಲವಾ ಅವು. ನಮ್ಮ ಮನಿ ಮುಂದ ಬಂದಾವ. ನನ್ನ ಸೊಸಿ ಹಸಿ ಬಾಣಂತಿ. ತೊಟ್ಟಿಲಕ್ಕ ಸೀರಿ ಮುಚ್ಚಿದ್ರ ಸೀರಿ ಕೆಂಪಾಗತೈತಿ, ಸೀರಿ ತಗದ್ರ ಕೂಸು ಕೆಂಪಾಗತೈತಿ. ಯಾರು ಇದನ್ನ ಮಾಡಿದೋರು? ಮುಖನಾದ್ರೂ ನೋಡ್ತೀನಿ."

ಬಳ್ಳಾರಿಯ ಹುಡುಗರು ತಟ್ಟೆ ನೋಡಿಕೊಂಡರು. ಈ ಹೆಂಗಸಿಗೆ ಫೋನಿಲ್ಲ, ಆಕೆಯ ಊರಿನಲ್ಲಿ ಇಂಟರ್ನೆಟ್ ಅಂಗಡಿಯಿಲ್ಲ. ಗುಂಪಿನಲ್ಲಿ ಇಲ್ಲದವರ ಧೂಳು ಗುಂಪಿಗೆ ಕಂಡಿರಲಿಲ್ಲ. ಅವರು ಗೆದ್ದೆವು ಎಂದು ಬರೆದಾಗ ಸುಳ್ಳು ಹೇಳಿರಲಿಲ್ಲ, ಅವರಿಗೆ ಕಂಡಷ್ಟು ಹೇಳಿದ್ದರು. ನಮ್ಮ ಓಣಿಯವರಾದ ನಮಗೆ ಮಾತ್ರ ಲಾರಿಗಳು ಹೊರದಾರಿ ಹಿಡಿದವೆಂದು ಗೊತ್ತಿತ್ತು, ಹೊರದಾರಿಯಲ್ಲಿ ಊರಿದೆ ಎಂದೂ ಗೊತ್ತಿತ್ತು. ವೀಣಾಳ ಹಾರ ಕೊರಳಲ್ಲೇ ಇತ್ತು. ಆಕೆ ಉತ್ತರ ಕೊಡಲು ಬಾಯಿ ತೆರೆದಳು.

ಬಾಯಿಯ ವಿಷಯದಲ್ಲಿ ನಾನು ಯಾವತ್ತೂ ಆಕೆಗಿಂತ ಚುರುಕು. "ನಾನು" ಎಂದೆ.

ಹುಡುಗಿಯನ್ನು ಉಳಿಸಲೆಂದು ಹುಸೇನಮ್ಮ ತಪ್ಪು ಮೈಮೇಲೆ ಎಳೆದುಕೊಂಡಳು ಎಂದು ಓಣಿಯವರು ಈಗಲೂ ಕಥೆ ಹೇಳುತ್ತಾರೆ. ಗೌರಕ್ಕ ಅತ್ತೇಬಿಟ್ಟಳು. ನಿಮಗೆ ನಿಜ ಹೇಳುತ್ತೇನೆ. ಯಾರು ಇದನ್ನು ಮಾಡಿದವರು ಎಂಬ ಪ್ರಶ್ನೆಗೆ ನಾನು ಎಷ್ಟು ದಿನದಿಂದ ಕಾದಿದ್ದೆನೆಂದರೆ, ಅದು ಹಾರವಾಗಿ ಬಂದಿತೋ ಬೈಗುಳವಾಗಿ ಬಂದಿತೋ ನೋಡುವ ತಾಳ್ಮೆ ನನಗಿರಲಿಲ್ಲ. ಹಾರವನ್ನು ವೀಣಾ ತೆಗೆದುಕೊಂಡಿದ್ದಳು. ಬೈಗುಳವನ್ನೂ ಆಕೆಗೇ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ನೀವಾ?" ಎಂದಳು ಆ ಹೆಂಗಸು, ನನ್ನನ್ನು ಮೇಲಿಂದ ಕೆಳಗೆ ನೋಡಿ. "ಹೊರಸು ಹಾಕಿ ಕುಂದರ್ತಿದ್ದ ಹುಸೇನಮ್ಮ?"

"ಹೌದು. ಆ ಹುಸೇನಮ್ಮನ ನಾ."

ಕಾಲುವೆಯಾಚೆಯವರೆಗೂ ನನ್ನ ಹೊರಸಿನ ಸುದ್ದಿ ಹೋಗಿತ್ತು. ಯಾವ ಕಂಪ್ಯೂಟರೂ ಒಯ್ದದ್ದಲ್ಲ ಅದು, ಬಾಯಿಯಿಂದ ಬಾಯಿಗೆ ನಡೆದುಹೋದದ್ದು. ಆ ಬೈಗುಳದ ನಡುವೆ ನನಗೆ ಎಷ್ಟು ಹಿತವಾಯಿತೆಂದು ಹೇಗೆ ಹೇಳಲಿ. ವೀಣಾಳಿಗೂ ಕೇಳಿಸಿತೇ ಎಂದು ಓರೆಗಣ್ಣಿನಲ್ಲಿ ನೋಡಿದೆ. ಕೇಳಿಸಿತ್ತು.

"ಹಂಗಾರ ನೀವ ಬಂದು ಇದನ್ನ ನಿಂದ್ರಸ್ರಿ. ತಿರುಗಿಸೋದಲ್ಲ, ನಿಂದ್ರಸ್ರಿ" ಎಂದಳು ಆ ಹೆಂಗಸು. ಬಜ್ಜಿ ಕೊಟ್ಟರೆ ಮುಟ್ಟಲಿಲ್ಲ, ನೀರು ಕುಡಿದು ಹೋದಳು.

ಮರುದಿನ ಬೆಳಿಗ್ಗೆ ನಾನು ಚಹಾ ಕಾಯಿಸುವ ಮೊದಲೇ ಎದುರು ಮನೆಯ ಬಾಗಿಲು ಬಡಿದೆ. ವೀಣಾ ಕಣ್ಣುಜ್ಜುತ್ತ ಬಂದಳು. ಮುಖ ಊದಿತ್ತು, ಮಲಗಿರಲಿಲ್ಲ ಅನಿಸುತ್ತದೆ.

"ಫೋನ್ ತಗೊಂಡು ನಡಿ."

"ನಾನೂ ಹೊಂಟಿದ್ದೆ ದೊಡ್ಡವ್ವ. ನಿಮ್ಮನ್ನ ಕರೀಬೇಕೋ ಬ್ಯಾಡೋ ಅಂತ…"

"ನೀನೇನು ಕರಿಯೋದು. ನಾ ಒಪ್ಪಿಕೊಂಡ ಊರದು. ಹಿಂದ ಬಾ."

ಕಾಲುವೆಯ ಸೇತುವೆ ದಾಟುವವರೆಗೂ ಆಕೆ ಹಿಂದೆಯೇ ಬಂದಳು. ಹೊರದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಸೆರಗು ಮೂಗಿಗೆ ಒತ್ತಿಕೊಂಡು ದಂಡೆಯಲ್ಲಿ ನಡೆದೆವು. ಕುರುಗೋಡಿನಿಂದ ಯಾರೋ ಬರುತ್ತಾರಂತೆ ಎಂದು, ನಿನ್ನೆ ಬಂದವಳ ಬಾಯಿಂದ, ಆ ಹಳ್ಳಿಯ ಹೆಂಗಸರಿಗೆ ಸುದ್ದಿ ಮುಟ್ಟಿತ್ತು. ನಾವು ಹೋಗುವ ಹೊತ್ತಿಗೆ ಅವರು ಸಾಲಾಗಿ ಬಗ್ಗಿ ಬಾಗಿಲು ಗುಡಿಸುತ್ತಿದ್ದರು, ಒಬ್ಬಳು ಆಗಲೇ ಬಿಂದಿಗೆ ತಂದು ನೀರು ಚಿಮುಕಿಸುತ್ತಿದ್ದಳು. ನನಗೆ ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತು, ನಗಲಿಲ್ಲ. ನೀರಿನವಳ ಕೈಯಿಂದ ಬಿಂದಿಗೆ ಕಿತ್ತುಕೊಂಡೆ.

"ಕಸಬರಿಗಿ ಒಳಗ ಇಡ್ರಿ ಎಲ್ಲಾರೂ. ಎಂಟು ದಿನ ಯಾರೂ ಮುಟ್ಟಬ್ಯಾಡ್ರಿ. ಒಬ್ಬಾಕಿ ಅಷ್ಟ ಹೊಡೀಬೇಕು, ದಿನಕ್ಕ ಎರಡು ಸಲ, ಸುಣ್ಣನೂ ಬಳೀಬೇಕು." ನಿನ್ನೆ ಬಂದು ಬೈದವಳನ್ನು ಹುಡುಕಿ, ತೊಟ್ಟಿಲಿದ್ದ ಆಕೆಯ ಮನೆಯ ಬಾಗಿಲಿಗೆ ಬೆರಳು ತೋರಿಸಿದೆ. "ನೀನು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದೆಂಥಾ ಉಪಾಯ, ಯಾರು ಹೇಳಿಕೊಟ್ರು ನಿಮಗ?" ಎಂದಳು ಒಬ್ಬಳು.

ವೀಣಾ ನನ್ನ ಪಕ್ಕದಲ್ಲಿ ಫೋನು ಹಿಡಿದು ನಿಂತಿದ್ದಳು, ಉತ್ತರ ಏನು ಬರುತ್ತದೆಂದು ನನ್ನನ್ನೇ ನೋಡುತ್ತಿದ್ದಳು.

"ಉಪಾಯ ನಂದ" ಎಂದೆ. ಆಮೇಲೆ ಆಕೆಯ ಕಡೆ ತಿರುಗಿ, "ನನ್ನ ಮುಖ ಏನು ನೋಡ್ತಿ, ಫೋಟೋ ತಗಿ" ಎಂದೆ.